ಅವ್ವನ ಎಡಗೈ ಕಡೆ ನಿಂತವನು

ಸತ್ತವರ ಮನೆಗೆ ಹೋಗಿ ಅವರ ಫೋಟೋ ಕೇಳುವುದು ನನ್ನ ಉದ್ಯೋಗದ ಒಂದು ಭಾಗ. ನಾನು ಯಾವ ಪತ್ರಿಕೆಯ ನೌಕರನೂ ಅಲ್ಲ, ಮೂರ್ನಾಲ್ಕು ಪತ್ರಿಕೆಗಳಿಗೆ ಫೋಟೋ ಕಳಿಸುವವನು. ನಮ್ಮಂಥವರನ್ನು ಹವ್ಯಾಸಿ ಎನ್ನುತ್ತಾರೆ. ಉರಿಬಿಸಿಲಲ್ಲಿ ಕೊಪ್ಪಳದಿಂದ ಕುಷ್ಟಗಿಗೆ, ಅಲ್ಲಿಂದ ಯಲಬುರ್ಗಾಕ್ಕೆ ಬೈಕ್ ಓಡಿಸುವುದು ಯಾರಿಗೆ ಹವ್ಯಾಸವೋ ನನಗೆ ಗೊತ್ತಿಲ್ಲ. ಮಂತ್ರಿ ಬಂದರೆ ಹಾರ ಹಾಕುವುದನ್ನು ತೆಗೆಯಬೇಕು, ಗಂಗಾವತಿ ಕಡೆ ಕಾಲುವೆ ಒಡೆದರೆ ನೀರನ್ನು ತೆಗೆಯಬೇಕು. ಯಾರಾದರೂ ಅಪಘಾತದಲ್ಲಿ ತೀರಿಕೊಂಡರೆ ಸುದ್ದಿಯ ಪಕ್ಕದಲ್ಲಿ ಹಾಕಲು ಅವರ ಮುಖ ಬೇಕು. ಹುಬ್ಬಳ್ಳಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಿಂದ ಫೋನು ಬರುತ್ತದೆ, "ಮುಖ ಸಿಕ್ತಾ?" ಅಂತ. ಸಂತೆಯಲ್ಲಿ ಮೆಂತ್ಯ ಸಿಕ್ಕಿತೇ ಎಂದು ಕೇಳಿದ ಹಾಗೆ. ನಾನೂ ಹಾಗೆಯೇ "ಸಿಕ್ತು" ಎನ್ನುತ್ತೇನೆ. ಆ ಮಾತು ಬಾಯಿಗೆ ರೂಢಿಯಾಗಿಬಿಟ್ಟಿರುವುದಕ್ಕೆ ನನಗೆ ನಾಚಿಕೆಯಿದೆ.

ಈ ಕೆಲಸಕ್ಕೆ ಒಂದು ಪದ್ಧತಿ ಇದೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು, ಕ್ಯಾಮೆರಾ ಚೀಲದಲ್ಲೇ ಇರಬೇಕು. ಆಮೇಲೆ ಮನೆಯ ಹಿರಿಯರನ್ನು ಮೆಲ್ಲಗೆ ಕೇಳಬೇಕು. ಗೋಡೆಯ ಫೋಟೋ ಇಳಿಸಿ ಬಾಗಿಲ ಬೆಳಕಿಗೆ ತಂದು, ಗಾಜು ಹೊಳೆಯದ ಹಾಗೆ ತುಸು ವಾರೆಯಾಗಿ ಹಿಡಿಯಬೇಕು. ಗುಂಪಿನ ಫೋಟೋ ಆದರೆ ಮುಖದ ಮೇಲೆ ಬೆರಳಿಟ್ಟು "ಇವರೇನ್ರಿ?" ಎಂದು ಕೇಳಿಯೇ ತೆಗೆಯಬೇಕು. ಈ ಕೊನೆಯದನ್ನು ನಾನು ಒಂದೇ ಒಂದು ಸಲ ಬಿಟ್ಟೆ.

ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಎತ್ತರದಿಂದ ಬಿದ್ದು ಮದುವೆಯಾಗದ ಒಬ್ಬ ಹುಡುಗ ಸತ್ತಿದ್ದ. ನಾನು ಅವನ ಮನೆಗೆ ಹೋದಾಗ ಮಧ್ಯಾಹ್ನ ಮೂರರ ಸುಮಾರು. ಅದೇ ಕಾರ್ಖಾನೆಯಲ್ಲಿ ದುಡಿಯುವ ಅವನ ಅಣ್ಣ, ತಮ್ಮನ ಆಧಾರ್ ಕಾರ್ಡು ಹಿಡಿದುಕೊಂಡು ಕೊಪ್ಪಳದ ಆಸ್ಪತ್ರೆಗೆ ಹೋಗಿದ್ದ. ಹುಡುಗನ ಫೋನು ಪೊಲೀಸರ ಹತ್ತಿರ ಇತ್ತು. ಮನೆಯಲ್ಲಿ ಇದ್ದದ್ದು ತಾಯಿ, ಓಣಿಯ ಹೆಂಗಸರು ಮತ್ತು ಗೋಡೆಯ ಮೇಲೆ ಒಂದೇ ಒಂದು ಫೋಟೋ. ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ನಡುವೆ ಕುರ್ಚಿಯ ಮೇಲೆ ತಾಯಿ, ಆಚೆಗೊಬ್ಬ ಈಚೆಗೊಬ್ಬ ಮಗ. ಇಬ್ಬರಿಗೂ ಒಂದೇ ತಾನಿನ ಬಟ್ಟೆಯಲ್ಲಿ ಹೊಲಿಸಿದ ಅಂಗಿ, ಇಬ್ಬರದೂ ಒಂದೇ ಅಚ್ಚಿನ ಮುಖ.

"ನನ್ನ ಎಡಗೈ ಕಡಿ ನಿಂತಾನ ನೋಡಪಾ, ಅವನ ನನ್ನ ಸಣ್ಣಾಂವ" ಎಂದಳು ತಾಯಿ. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹದಿನೆಂಟು ವರ್ಷ ಫೋಟೋಗಳ ಕೆಳಗೆ "ಎಡದಿಂದ" ಎಂದು ಬರೆದು ಬರೆದು ನನ್ನ ತಲೆ ಒಂದೇ ದಿಕ್ಕಿಗೆ ತಿರುಗಿ ಕೂತಿದೆ. ಎಡ ಎಂದರೆ ಫೋಟೋ ನೋಡುವವನ ಎಡ. ಆಕೆ ಹೇಳಿದ್ದು ಆ ಕುರ್ಚಿಯಲ್ಲಿ ಕೂತವಳ ಎಡಗೈ; ಅದು ನನ್ನ ಬಲಕ್ಕೆ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಡೆಸ್ಕಿನವರು ಅವಸರ ಮಾಡಿದರು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಆ ಅಳುವಿನ ನಡುವಿನಿಂದ ಬೇಗ ಹೊರಗೆ ಬೀಳಬೇಕಿತ್ತು ನನಗೆ. ಬೆರಳಿಟ್ಟು ಕೇಳಲಿಲ್ಲ. ಎಡಗಡೆಯ ಮುಖವನ್ನು ಕತ್ತರಿಸಿ ಕಳಿಸಿದೆ.

ಮರುದಿನ ಪತ್ರಿಕೆಯಲ್ಲಿ ತಮ್ಮನ ಹೆಸರು ಬಂತು, ಅಣ್ಣನ ಮುಖ ಬಂತು.

ಅಣ್ಣನ ಹೆಂಡತಿ ದಿನ ತುಂಬಿದ ಬಸುರಿ. ಯಲಬುರ್ಗಾ ಹತ್ತಿರದ ಹಳ್ಳಿಯಲ್ಲಿ, ತವರಿನಲ್ಲಿ ಇದ್ದಳು. ಈ ಹೊತ್ತಿನಲ್ಲಿ ಮೈದುನನ ಸಾವನ್ನು ತಿಳಿಸುವುದು ಬೇಡವೆಂದು ಅವಳ ತವರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಚಹಾದಂಗಡಿಗೆ ಬಂದ ಪತ್ರಿಕೆಯನ್ನು ಯಾರೋ ನೇರ ಅವಳ ಮನೆಗೇ ಒಯ್ದರು. ಹೆಸರು ಬೇರೆ ಇದೆಯಲ್ಲ ಎಂದು ಒಬ್ಬರು ಅಂದರಂತೆ. "ಹೆಸರು ತಪ್ಪು ಹಾಕಿರ್ತಾರ, ಮುಖ ತಪ್ಪು ಹಾಕ್ತಾರೇನು?" ಎಂದು ಇನ್ನೊಬ್ಬರು ಅಂದರಂತೆ. ಗಂಡನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಫೋನು ಮನೆಯಲ್ಲಿ ಬಿಟ್ಟು ಅವನು ತಮ್ಮನನ್ನು ಮಣ್ಣು ಮಾಡಲು ಹೋಗಿದ್ದ. ಆಕೆ ಎರಡೂ ಕೈಗಳನ್ನು ಹೊಸ್ತಿಲಿಗೆ ಬಡಿದುಕೊಂಡಳು. ಕುಬಸದ, ಅಂದರೆ ಸೀಮಂತದ ದಿನ ಕೈತುಂಬ ಇಡಿಸಿದ್ದ ಹಸಿರು ಬಳೆಗಳು.

ಇದೆಲ್ಲ ನನಗೆ ಗೊತ್ತಾದದ್ದು ಮೂರನೆಯ ದಿನ. ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೆ. ಒಬ್ಬ ಬಂದು ಎದುರಿಗೆ ನಿಂತ. ಆ ಮುಖವನ್ನು ನನ್ನ ಕೈಯಿಂದಲೇ ಕತ್ತರಿಸಿದ್ದೆನಲ್ಲ, ಗುರುತು ಸಿಗದೆ ಇರುತ್ತದೆಯೇ.

"ಫೋಟೋ ಹೊಡದಾವ್ರು ನೀವೇನ್ರಿ?"

"ಹೌದ್ರಿ. ನಂದ ತಪ್ಪು."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಸ್ಟೂಲಿನ ಮೇಲೆ ಕೂತು, ನಡೆದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದ. ಹೆಂಡತಿಯ ಮುಂಗೈಗೆ ಹೊಲಿಗೆ ಬಿದ್ದಿವೆ, ಹೊಟ್ಟೆಯಲ್ಲಿನ ಕೂಸು ಛಲೋ ಇದೆ. ನಾನು ಉಸಿರು ಬಿಟ್ಟೆ. ಅವನು ನೆಲ ನೋಡುತ್ತಾ ಮಾತು ಮುಂದುವರಿಸಿದ.

"ಸತ್ತಾಂವ ನಾನಲ್ಲ, ತಮ್ಮ ಅಂತ ಫೋನಿನ್ಯಾಗ ಹೇಳಿದ್ನಿರಿ. ಆಕಿ ನಕ್ಕಬಿಟ್ಲು. ಅದನ್ನ ನೆನಸಿ ನೆನಸಿ ಈಗ ಅಳಾಕತ್ಯಾಳ. ನನ್ನ ಮೈದುನ ಸತ್ತದ್ದಕ್ಕ ನಾ ನಕ್ಕೀನಿ ಅಂತಾಳ. ನಾ ಏನ್ ಹೇಳ್ಲಿ?"

ಹೊಲಿಗೆ ಹಾಕಿದ ಗಾಯ ಮಾಯುತ್ತದೆ. ಇದಕ್ಕೆ ಹೊಲಿಗೆ ಇಲ್ಲ.

ಅವನು ಬಂದದ್ದು ಜಗಳಕ್ಕಲ್ಲ. "ಅವ್ವ ಕರೀತಾಳ್ರಿ ನಿಮ್ಮನ್ನ. ಸಣ್ಣಾವನ ಮುಖ ಪೇಪರಿನ್ಯಾಗ ಬರಬೇಕಂತ. ಸತ್ತ ಸುದ್ದಿ ಮ್ಯಾಲೂ ಅವನ ಮುಖ ಇಲ್ಲಂದ್ರ ಹೆಂಗ ಅಂತಾಳ."

ಡೆಸ್ಕಿಗೆ ಫೋನು ಮಾಡಿದೆ. ಮೊದಲು ಹಳೇ ಸುದ್ದಿ ಎಂದರು. ನಾನು ದನಿ ಏರಿಸಿದ ಮೇಲೆ, ನಾಲ್ಕು ಸಾಲಿನ ವಿಷಾದ ಹಾಕುತ್ತೇವೆ, ಐದು ಗಂಟೆಯೊಳಗೆ ಸರಿಯಾದ ಫೋಟೋ ಕಳಿಸಿ ಎಂದರು. ತನ್ನ ಫೋನಿನಲ್ಲಿ ತಮ್ಮನ ಬೇಕಾದಷ್ಟು ಫೋಟೋ ಇವೆ ಎಂದು ಅಣ್ಣ ಅಲ್ಲೇ ತೋರಿಸಿ, ಕೆಲವನ್ನು ನನ್ನ ಫೋನಿಗೆ ಹಾಕಿದ. ಒಂದನ್ನು ಆರಿಸಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಕರೆದದ್ದು ತಾಯಿ. ಹೋದೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಆಕೆ ಬೈಯಲಿಲ್ಲ. ಗೋಡೆಯ ಅದೇ ಫೋಟೋವನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಣ್ಣ ಫೋನು ಮುಂದೆ ಹಿಡಿದು "ಇದರಾಗ ಛಲೋ ಅದಾವಬೇ" ಎಂದ. ಆಕೆ ಅದನ್ನು ಕೈಯಿಂದ ಸರಿಸಿದಳು.

"ಇದರಾಗ ನನ್ನ ಸಣ್ಣಾಂವ ತಪ್ಪಿಹೋಗ್ಯಾನ. ಇದರಾಗಿಂದನ ತೆಗಿಯಪಾ."

ಫೋಟೋವನ್ನು ಬಾಗಿಲ ಬೆಳಕಿಗೆ ತಂದಳು. ಹೇಳಿಕೊಡದಿದ್ದರೂ ತಾನೇ ವಾರೆಯಾಗಿ ಹಿಡಿದಳು. ಮೊನ್ನೆ ಆ ಅಳುವಿನ ನಡುವೆಯೂ ನಾನು ಹಿಡಿದ ರೀತಿಯನ್ನು ಆಕೆ ನೋಡಿದ್ದಳು. ನಾನು ಕ್ಯಾಮೆರಾ ಎತ್ತಿದೆ. ಆಗ ಆಕೆ ಇನ್ನೊಂದು ಕೈಯ ತೋರುಬೆರಳನ್ನು ಸಣ್ಣ ಮಗನ ಕೆನ್ನೆಯ ಮೇಲೆ ಇಟ್ಟಳು. ದಪ್ಪ, ಒಡೆದ ಬೆರಳು. ಬಾಯಿಯ ಒಂದು ತುದಿಯನ್ನೂ ಮುಚ್ಚಿತು.

"ಗೊತ್ತಾತ್ರಿ ಯವ್ವಾ. ಈಗ ಬೆರಳು ತೆಗಿರಿ" ಎಂದೆ.

"ಒಲ್ಲೆಪಾ. ತೆಗದ್ರ ಮತ್ತ ತಪ್ತಿ."

ನಾನು ಹಾಗೇ ತೆಗೆದೆ. ಕಣ್ಣು ಮಂಜಾಗಿ ಫೋಕಸ್ ಕೂಡಲಿಲ್ಲ. ಇನ್ನೊಮ್ಮೆ ತೆಗೆದೆ, ಮತ್ತೊಮ್ಮೆ ತೆಗೆದೆ. ಅಷ್ಟು ಹೊತ್ತೂ ಆ ಬೆರಳು ಕದಲಲಿಲ್ಲ.

ಐದಕ್ಕೆ ಮೊದಲೇ ಕಳಿಸಿದೆ. ಹತ್ತು ನಿಮಿಷಕ್ಕೆ ಡೆಸ್ಕಿನಿಂದ ಫೋನು ಬಂತು.

"ಮುಖದ ಮೇಲೆ ಯಾರದೋ ಬೆರಳು ಬಂದಿದೆಯಲ್ರೀ. ಬೇರೆ ಇಲ್ವಾ?"

ಅಣ್ಣ ಕೊಟ್ಟ ಫೋಟೋಗಳು ನನ್ನ ಫೋನಿನಲ್ಲಿ ಇದ್ದವು.

"ಇಲ್ಲ" ಎಂದೆ. "ಅದು ಅವರವ್ವನ ಬೆರಳು. ಹಂಗ ಇರ್ಲಿ."

ಮರುದಿನ ಒಳಪುಟದ ಮೂಲೆಯಲ್ಲಿ ವಿಷಾದದ ನಾಲ್ಕು ಸಾಲು ಬಂತು. ಪಕ್ಕದಲ್ಲಿ ಸತ್ತ ಹುಡುಗನ ಮುಖ, ಅದರ ಮೇಲೆ ಬೆರಳು. ಈ ಸಲ ಅವನು ಯಾರೆಂದು ಯಾರಿಗೂ ಅನುಮಾನ ಬರಲಿಲ್ಲ.