ನರಸೀಪುರದ ಮರಳಲ್ಲಿ ಬಿದ್ದದ್ದು

ಮಹಾರಾಜರ ಕಾಲ ಅಂದ ಕೂಡಲೆ ಈಗಿನವರು ದಸರಾ ಕೇಳುತ್ತಾರೆ, ಆನೆ ಕೇಳುತ್ತಾರೆ. ನನಗೆ ಆ ಕಾಲ ಅಂದರೆ ಮೊದಲು ನೆನಪಾಗುವುದು ಹೆದರಿಕೆ. ಆಗ ನಾವು ಎಲ್ಲದಕ್ಕೂ ಹೆದರುತ್ತಿದ್ದೆವು. ಪ್ಲೇಗಿನ ಸೂಜಿ ಚುಚ್ಚುವವನಿಗೆ, ಅಮಲ್ದಾರರ ಕಚೇರಿಯ ಜವಾನನಿಗೆ, ಕಪಿಲೆಯ ಸುಳಿಗೆ, ಹಜಾರದಲ್ಲಿ ಕೇಳಿಸುವ ಅಪ್ಪನ ಕೆಮ್ಮಿಗೆ. ಹೆದರಿಕೊಂಡೇ ಉಂಡೆವು, ಹೆದರಿಕೊಂಡೇ ಆಡಿದೆವು, ಹಾಗೇ ದೊಡ್ಡವರೂ ಆದೆವು. ಆದರೆ ಹೈಸ್ಕೂಲಿನ ಕೊನೆಯ ವರ್ಷ, ಶಿವರಾತ್ರಿ ಕಳೆದ ಬಿಸಿಲಲ್ಲಿ ನರಸೀಪುರದ ಮೈದಾನದಲ್ಲಿ ಹೆದರಿದ ಹಾಗೆ ನಾನು ಮುಂದೆಂದೂ ಹೆದರಲಿಲ್ಲ.

ನಂಜನಗೂಡಿನಲ್ಲಿ ನಮ್ಮದು ಬೆಲ್ಲದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನನ್ನ ಅಂಗಿ, ಪುಸ್ತಕ, ತಲೆದಿಂಬು ಎಲ್ಲಕ್ಕೂ ಬೆಲ್ಲದ ವಾಸನೆ. ಕ್ಲಾಸಿನಲ್ಲಿ ನನ್ನ ಸುತ್ತ ನೊಣ ಹಾರಿದರೆ ಹುಡುಗರು ನಗುತ್ತಿದ್ದರು. ಉದ್ದಕ್ಕೆ ಸೊರಗಿದ ಹುಡುಗ ನಾನು. ಆ ಉದ್ದವೇ ನನ್ನನ್ನು ಬುಟ್ಟಿ ಆಟಕ್ಕೆ ಎಳೆದು ಹಾಕಿತು.

ಬುಟ್ಟಿ ಆಟ ಎಂದರೆ ಬಾಸ್ಕೆಟ್‌ಬಾಲ್. ನಮ್ಮ ಡ್ರಿಲ್ ಮೇಷ್ಟ್ರು ಪುಟ್ಟರಂಗಯ್ಯನವರು ಮದರಾಸಿನಲ್ಲಿ ತರಬೇತಿ ಮುಗಿಸಿ ಬರುವಾಗ ಒಂದು ಚರ್ಮದ ಚೆಂಡು, ಒಂದು ಸೀಟಿ, ಒಂದು ಜೊತೆ ಬಿಳೀ ಷರಾಯಿ ತಂದಿದ್ದರು. ಗಾಡಿ ಚಕ್ರದ ಹಳೇ ಪಟ್ಟಿಯನ್ನು ಕಮ್ಮಾರನ ಕೈಲಿ ಬಗ್ಗಿಸಿ ಬಳೆ ಮಾಡಿಸಿದರು. ಬಲೆ ಸಿಗಲಿಲ್ಲ, ತಳ ಕಿತ್ತ ಬಿದಿರು ಬುಟ್ಟಿಯನ್ನೇ ಅದಕ್ಕೆ ಕಟ್ಟಿದರು. ಊರಿನ ಹೆಂಗಸರು ಬಂದು ನೋಡಿ, "ಇದೇನ್ರಪ್ಪಾ, ಓಟೆ ಬುಟ್ಟಿಗೆ ಚೆಂಡು ಆಕಿ, ಬಿದ್ದಮ್ಯಾಕೆ ಕುಣಿತಾವೆ ಇವು!" ಎಂದು ಬಾಯಿಗೆ ಸೆರಗಿಟ್ಟುಕೊಂಡು ನಕ್ಕು ಹೋದರು.

ಮೇಷ್ಟ್ರ ಕಲಿಸುವ ರೀತಿಯೇ ಬೇರೆ. ಚೆಂಡು ಹಿಡಿದವನು ಒಂದು ಕಾಲು ಕದಲಿಸಬಾರದು ಎಂಬ ನಿಯಮ ನಮ್ಮ ತಲೆಗೆ ಹತ್ತಲೇ ಇಲ್ಲ. ಕೊನೆಗೆ ಅವರು, "ಎಡಗಾಲು ಗೂಟ ಕಣ್ರೋ, ನೀವು ಅದಕ್ಕೆ ಕಟ್ಟಿದ ಹಸು. ಸುತ್ತು, ಆದ್ರೆ ಗೂಟ ಕೀಳಬೇಡ" ಅಂದರು. ಅಷ್ಟು ಸಾಕಾಯಿತು. ಕಿತ್ತವನ ಮೀನಖಂಡಕ್ಕೆ ಹುಣಿಸೆ ಬರಲು ಬೀಳುತ್ತಿತ್ತು, ಅದು ಬೇರೆ ಮಾತು.

ಎರಡನೆಯ ಪಾಠ, ಎದೆಯಿಂದ ಎದೆಗೆ ಚೆಂಡು ಎಸೆಯುವುದು. ನನ್ನ ಕಷ್ಟ ಶುರುವಾದದ್ದು ಅಲ್ಲಿ. ನಾವು ಲಿಂಗವಂತರು. ಎಂಟು ವರ್ಷಕ್ಕೆ ನನಗೆ ದೀಕ್ಷೆಯಾಗಿ, ಮನೆತನದ ಅಯ್ಯನವರು ನನ್ನ ಅಂಗೈಗೆ ಲಿಂಗ ಕೊಟ್ಟಿದ್ದರು. ಅದನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರೆ ಅದು ಸರಿಯಾಗಿ ಎದೆ ಮೇಲೆ ಕೂರುತ್ತದೆ. ಮಲಗಿದಾಗಲೂ ಬಿಚ್ಚುವಂತಿಲ್ಲ, ಬೇರೆಯವರು ಮುಟ್ಟುವಂತಿಲ್ಲ. ಕಳೆದುಹೋಯಿತೋ, ಸಿಗುವ ತನಕ ಅನ್ನವಿಲ್ಲ, ನೀರಿಲ್ಲ, ಉಗುಳು ನುಂಗುವುದಕ್ಕೂ ನಮ್ಮಜ್ಜಿಯ ಅಪ್ಪಣೆ ಇರಲಿಲ್ಲ. "ಸಿಗದಿದ್ರೆ?" ಎಂದು ಚಿಕ್ಕವನಿದ್ದಾಗ ಕೇಳಿದ್ದೆ. ಅಜ್ಜಿ ನನ್ನ ಬಾಯಿ ಮುಚ್ಚಿ, "ಬಿಡ್ತು ಅನ್ನು, ಬಿಡ್ತು ಅನ್ನು" ಎಂದಿದ್ದಳು. ಉತ್ತರ ಹೇಳಲಿಲ್ಲ. ಹೇಳದೆ ಬಿಟ್ಟದ್ದಕ್ಕೇ ನನಗೆ ಅದು ಇನ್ನಷ್ಟು ಭಯ.

ಚೆಂಡು ಎದೆಗೆ ಬಡಿದರೆ ಕರಡಿಗೆಯ ಮೂಲೆ ಎಲುಬಿಗೆ ನಾಟುತ್ತಿತ್ತು. ನೆಗೆದರೆ ಅದು ಮೇಲೆ ಹಾರಿ ತುಟಿ ಒಡೆಯುತ್ತಿತ್ತು. ಮೇಷ್ಟ್ರು ಒಂದು ದಿನ, "ಅದನ್ನ ತೆಗೆದಿಟ್ಟು ಬಾರೋ" ಅಂದವರು ನನ್ನ ಮುಖ ನೋಡಿ, "ಬೇಡ ಬೇಡ, ನಾನು ಹೇಳ್ಲೇ ಇಲ್ಲ" ಎಂದು ಆ ಕಡೆ ತಿರುಗಿಕೊಂಡರು. ನಮ್ಮ ತಾತ ಹೊಳೆಯಲ್ಲಿ ಈಜುವಾಗ ಲಿಂಗವನ್ನು ಬಿಳೀ ವಸ್ತ್ರದಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದರಂತೆ. ನಾನೂ ಆಟದ ದಿನ ಹಾಗೇ ಮಾಡತೊಡಗಿದೆ. ತಾತನ ರಟ್ಟೆಯಲ್ಲಿ ಮಾಂಸವಿತ್ತು, ನನ್ನದು ಕಬ್ಬಿನ ಜಲ್ಲೆ ಎಂಬುದು ಹೊಳೆಯಲಿಲ್ಲ.

ನಂಜನಗೂಡಿಗೂ ನರಸೀಪುರಕ್ಕೂ ಏನು ಹಗೆಯೋ ದೇವರೇ ಬಲ್ಲ. ಅವರದು ಎರಡು ಹೊಳೆ ಕೂಡುವ ಊರು, ನಮ್ಮದು ನಂಜುಂಡನ ಊರು, ಯಾರು ಹೆಚ್ಚು ಅಂತ ದೊಡ್ಡವರು ಸಂತೆಯಲ್ಲೂ ಮದುವೆ ಮನೆಯಲ್ಲೂ ಜಗಳವಾಡುತ್ತಿದ್ದರು. ನಾವು ಅದನ್ನೇ ಬುಟ್ಟಿ ಆಟಕ್ಕೆ ತಂದೆವು. ಹಿಂದಿನ ಸಲ ಅವರು ನಮ್ಮೂರಿಗೆ ಬಂದು ಸೋತಾಗ ನಮ್ಮ ಕಡೆಯವರು ಬಾಳೆಸಿಪ್ಪೆ ಎಸೆದಿದ್ದರು. ಈಗ ನಾವು ಅವರೂರಿಗೆ ಹೋಗಬೇಕು.

ಸರ್ವಿಸ್ ಮೋಟಾರಿನಲ್ಲಿ ಸುತ್ತೂರಿನ ಮೇಲೆ ಹೊರಟೆವು. ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ವಾಸನೆ ಪೆಟ್ರೋಲಿನ ವಾಸನೆಯ ಜೊತೆ ಸೇರಿ ಮೋಟಾರೆಲ್ಲ ತುಂಬಿತ್ತು. ದಾರಿಯುದ್ದಕ್ಕೂ ಹುಡುಗರು ಒಬ್ಬನ ಹೆಸರನ್ನೇ ಹೇಳಿ ಒಬ್ಬರನ್ನೊಬ್ಬರು ಹೆದರಿಸಿದರು. ಹರಿಗೋಲು ಸಿದ್ದ, ಹಿಂದಿನ ಸಲ ನಮ್ಮೂರಿಗೆ ಬಾರದಿದ್ದವನು. ಅವರಪ್ಪ ಸಂಗಮದಲ್ಲಿ ಜನರನ್ನು ದಾಟಿಸುವ ಹರಿಗೋಲಿನವನು. ಹುಟ್ಟು ಹಾಕಿ ಹಾಕಿ ಸಿದ್ದನ ತೋಳು ಒನಕೆಯಾಗಿವೆ, ಹೋದ ವರ್ಷ ಮೈಸೂರಿನ ಹುಡುಗನೊಬ್ಬನ ಮಣಿಕಟ್ಟು ಮುರಿದನಂತೆ, ಹೀಗೆ. ನನ್ನನ್ನು ಕಾಯಲು ಬರುವವನು ಅವನೇ ಎಂದು ಮೇಷ್ಟ್ರು ಹೇಳಿದಾಗ ನಾನು ಕೈಯಲ್ಲಿದ್ದ ರೊಟ್ಟಿಯನ್ನು ಮತ್ತೆ ಗಂಟು ಕಟ್ಟಿಟ್ಟೆ.

ಮೈದಾನ ಹೊಳೆ ಹತ್ತಿರವೇ. ನೆಲವೆಲ್ಲ ಮರಳು ಬೆರೆತ ಮಣ್ಣು. ಸುತ್ತ ಜನ, ತಮಟೆ ಬೇರೆ. ಸಿದ್ದ ಬಂದು ಎದುರಿಗೆ ನಿಂತ. ನನಗಿಂತ ಒಂದು ಗೇಣು ಎತ್ತರ. ಹತ್ತಿರ ಬಂದು ಮೂಸಿದ.

"ಏನ್ಲಾ ಬೆಲ್ಲದ ವಾಸ್ನೆ! ಇವತ್ತು ನಿನ್ ಪಾನಕ ಮಾಡ್ಬುಡ್ತೀನಿ ಕಣ್ಲಾ."

ಮೊದಲ ಅರ್ಧದಲ್ಲಿ ನಾನು ಆಡಿದ್ದು ಕಡಿಮೆ, ಬಿದ್ದದ್ದು ಹೆಚ್ಚು. ಅವನ ಭುಜ ತಾಗಿದರೆ ಸಾಕು, ನಾನು ಮಣ್ಣಲ್ಲಿ. ಆದರೂ ಎರಡು ಕಡೆಯೂ ಸಮವಾಗಿತ್ತು. ಸೀಟಿ ಊದಿ ಬಿಡುವು ಕೊಟ್ಟರು. ನಿಂಬೆಹಣ್ಣು ಬೆಲ್ಲದ ಪಾನಕ ಹಂಚಿದರು. ನಾಲಿಗೆ ಅಂಗುಳಿಗೆ ಅಂಟಿಹೋಗಿತ್ತು. ಲೋಟವನ್ನು ಬಾಯಿಗೆ ತರುತ್ತ ಬೆವರು ಒರೆಸಲು ಎಡ ರಟ್ಟೆಗೆ ಕೈ ಹಾಕಿದೆ.

ರಟ್ಟೆ ಬರಿದಾಗಿತ್ತು.

ಅಂಗಿಯೊಳಗೆ ತಡವಿದೆ, ಸೊಂಟ ತಡವಿದೆ. ಇಲ್ಲ. ಅಯ್ಯೋ ಶಿವನೇ, ಇಲ್ಲ! ಲೋಟವನ್ನು ಮೆಲ್ಲಗೆ ಕೆಳಗಿಟ್ಟೆ.

"ಕುಡಿಯೋ, ಬಿಸ್ಲು" ಎಂದರು ಮೇಷ್ಟ್ರು.

"ಬೇಡ ಸಾ."

"ಯಾಕೋ, ಹುಷಾರಿಲ್ವಾ?"

"ಬೇಡ ಸಾ."

ಹೇಳುವುದು ಹೇಗೆ? ಹೇಳಿದರೆ ಹುಡುಕುತ್ತೇವೆಂದು ಅಷ್ಟೂ ಜನ ಮೈದಾನಕ್ಕೆ ನುಗ್ಗುತ್ತಾರೆ. ನೂರಾರು ಕಾಲಿನ ಕೆಳಗೆ ನನ್ನ ಲಿಂಗ! ಹೇಳದಿದ್ದರೆ ನಾವೇ ಓಡಾಡಿ ತುಳಿಯುತ್ತೇವೆ. ಸಿಗದಿದ್ದರೆ ನಾನು ಊರಿಗೆ ಹೋಗುವ ಹಾಗಿಲ್ಲ, ಹೋದರೂ ಅವ್ವ ತಟ್ಟೆ ಹಾಕುವ ಹಾಗಿಲ್ಲ. ನಮ್ಮಪ್ಪ ಏನು ಮಾಡಿಯಾರು ಎಂದು ಯೋಚಿಸಿದರೆ ಅವರು ಬೈಯುವ ಚಿತ್ರ ಬರಲಿಲ್ಲ, ಸುಮ್ಮನೆ ಜಗುಲಿಯ ಮೇಲೆ ಕುಸಿದು ಕೂರುವ ಚಿತ್ರ ಬಂತು. ಅದಕ್ಕಿಂತ ಬೈದರೇ ಎಷ್ಟೋ ವಾಸಿ. ಬಾಯಲ್ಲಿ ಉಗುಳು ತುಂಬಿತು. ನುಂಗಲು ಹೆದರಿ ಪಕ್ಕಕ್ಕೆ ಉಗಿದೆ.

ಮತ್ತೆ ಸೀಟಿ. ನಾನು ತಲೆ ತಗ್ಗಿಸಿಕೊಂಡು ನೆಲ ಹುಡುಕುತ್ತ ಓಡಿದೆ. ಚೆಂಡು ಬಂದು ಬೆನ್ನಿಗೆ ಬಡಿಯಿತು. ನಮ್ಮವರೇ ಬೈದರು. ಮೇಷ್ಟ್ರು ಗೆರೆಯಾಚೆ ನಿಂತು, "ತಲೆ ಎತ್ತೋ, ಕತ್ತೆ! ನೆಲದಲ್ಲಿ ಏನು ಬಿದ್ದಿದೆಯೋ!" ಎಂದು ಕಿರುಚಿದರು. ಅವರ ಬಾಯಿಂದ ಆ ಮಾತು ಕೇಳಿ ನನಗೆ ಅಳು ಒತ್ತರಿಸಿ ಬಂತು. ಬಿಳೀ ಸುಣ್ಣದ ಚೂರು ಕಂಡರೂ ವಸ್ತ್ರವೆಂದು ಜೀವ ಹಾರುತ್ತಿತ್ತು.

ಆಟ ಮುಗಿಯುವುದಕ್ಕೆ ಬಂತು. ಆಗ ಒಂದು ವಿಚಿತ್ರವಾಯಿತು. ನನ್ನ ಬೆನ್ನಿಗೇ ಅಂಟಿಕೊಂಡಿದ್ದ ಸಿದ್ದ ಅವರ ಬುಟ್ಟಿಯ ಕಂಬದ ಹತ್ತಿರ ನಿಂತುಬಿಟ್ಟ. ಎರಡು ಕಾಲು ಅಗಲಿಸಿ, ತೋಳು ಚಾಚಿ, ಅಲ್ಲಾಡದೆ. ಚೆಂಡು ಅವನ ಪಕ್ಕದಲ್ಲೇ ಹೋದರೂ ಬಗ್ಗಲಿಲ್ಲ. "ಸಿದ್ದಾ! ಓಡ್ಲಾ! ಏನಾಯ್ತ್ಲಾ ನಿಂಗೆ?" ಎಂದು ಅವರ ಕಡೆಯವರು ಬಾಯಿ ಬಡಿದುಕೊಂಡರು. ನಮ್ಮ ಹುಡುಗರು ನುಗ್ಗಿದರೆ ಭುಜ ಕೊಟ್ಟು ಹಿಂದಕ್ಕೆ ದಬ್ಬಿದ. ನಮ್ಮವನೊಬ್ಬನ ಮೊಣಕೈ ಅವನ ಬಾಯಿಗೆ ತಗಲಿ ರಕ್ತ ಸುರಿಯಿತು. ಒರೆಸಿಕೊಳ್ಳಲೂ ಇಲ್ಲ.

ಕಾಯುವವನಿಲ್ಲದ ನನಗೆ ಚೆಂಡು ಸಿಕ್ಕಿತು. "ಬುಟ್ಟಿಗೋ! ಬುಟ್ಟಿಗೋ!" ಎಂದು ಮೇಷ್ಟ್ರು ಕೂಗಿದರು. ಬುಟ್ಟಿಯ ಕೆಳಗೆ ಅವನೇ ನಿಂತಿದ್ದಾನೆ. ಹತ್ತಿರ ಬರಲಿ ಎಂದೇ ಹೀಗೆ ನಿಂತಿದ್ದಾನೆ, ಹೋದರೆ ಕೈ ಮುರಿಯುತ್ತಾನೆ ಎಂದುಕೊಂಡೆ. ಆದರೂ ಹೋದೆ. ಜೀವದ ಮೇಲಿನ ಆಸೆಯೇ ಅರ್ಧ ಹೋಗಿತ್ತು.

ಅವನು ತುಟಿ ಕದಲಿಸದೆ ಹೇಳಿದ: "ಚೆಂಡು ಬುಡು. ಕೆಳಕ್ಕೆ ನೋಡು. ನಾ ಮುಟ್ಟಂಗಿಲ್ಲ, ಬ್ಯಾಗ ತಕ."

ಅವನ ಎರಡು ಪಾದದ ನಡುವೆ, ಮರಳಲ್ಲಿ ಅರ್ಧ ಹೂತು, ವಿಭೂತಿ ಹತ್ತಿದ ಬಿಳೀ ವಸ್ತ್ರದ ಗಂಟು.

ಚೆಂಡು ಎಲ್ಲಿ ಬಿತ್ತೋ ನಾನು ಕಾಣೆ. ಅವನ ಕಾಲಿನ ಬುಡದಲ್ಲಿ ಮಂಡಿಯೂರಿ ಗಂಟನ್ನು ಎತ್ತಿ ಕಣ್ಣಿಗೊತ್ತಿಕೊಂಡೆ. ಬೆರಳಿಗೆ ಒಳಗಿನ ಗುಂಡಗಿನ ಗಟ್ಟಿ ತಗಲಿತು. ಆವಾಗ ಉಗುಳು ನುಂಗಿದೆ. ಅಷ್ಟರಲ್ಲಿ ನಮ್ಮವನೊಬ್ಬ ಬಿದ್ದ ಚೆಂಡು ಎತ್ತಿ ಬುಟ್ಟಿಗೆ ಹಾಕಿದ, ಸೀಟಿ ಕೂಗಿತು, ನಂಜನಗೂಡು ಗೆದ್ದಿತು.

ಜನ ನುಗ್ಗಿ ಬಂದು ಸಿದ್ದನ ಕುತ್ತಿಗೆಗೆ ಕೈ ಹಾಕಿದರು. "ನಂಜನಗೂಡ್ನೋರ ತಾವ ಏನ್ಲಾ ಈಸ್ಕಂಡೆ? ಊರು ಮಾರ್ಬುಟ್ಯಲ್ಲಾ, ಅಲ್ಕಾ!" ಒಬ್ಬ ಕಪಾಳಕ್ಕೆ ಹೊಡೆದೇ ಬಿಟ್ಟ. ಸಿದ್ದ ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಈಗ ಬಾಯಿಬಿಟ್ಟರೆ ಸುದ್ದಿ ನನಗಿಂತ ಮೊದಲು ಊರು ಸೇರುತ್ತದೆ. ಆದರೂ ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಹೊಡೀಬೇಡಿ! ನನ್ನ ಲಿಂಗ ಬಿದ್ದಿತ್ತು! ಯಾರೂ ತುಳೀಬಾರ್ದು ಅಂತ ನಿಂತಿದ್ದ!"

ಗದ್ದಲ ನಿಂತಿತು. ಗುಂಪಿನಲ್ಲಿದ್ದ ಬನ್ನೂರಿನ ಕಡೆಯ ಮುದುಕರೊಬ್ಬರು, ಹಣೆ ತುಂಬ ವಿಭೂತಿ, ಮುಂದೆ ಬಂದು ನನ್ನ ಅಂಗೈ ನೋಡಿದರು. ಸಿದ್ದನ ಕಡೆ ತಿರುಗಿದರು.

"ಮುಟ್ಟಿದ್ಯೇನಪ್ಪಾ?"

"ಇಲ್ಲ ಬುದ್ದಿ. ಕಾಲೂ ತಾಕಿಸ್ನಿಲ್ಲ."

ಮುದುಕರು ತಮ್ಮ ವಲ್ಲಿಯ ಅಂಚಿನಿಂದ ಅವನ ಬಾಯಿಯ ರಕ್ತ ಒರೆಸಿದರು. ಕುತ್ತಿಗೆ ಹಿಡಿದವನು ಕೈ ಬಿಟ್ಟ. ಒಬ್ಬೊಬ್ಬರೇ ಚದುರಿದರು.

ಮೋಟಾರು ಹೊರಡುವ ಮುಂಚೆ ನಾನು ಹೊಳೆಗೆ ಓಡಿದೆ. ಸಿದ್ದ ಬಾಯಿ ಮುಕ್ಕಳಿಸುತ್ತ ನಿಂತಿದ್ದ.

"ಅದು ನಂದು ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

"ಪಾನಕ ಕೆಳಗಿಟ್ಯಲ್ಲ, ಆವಾಗ್ಲೇ ಗೊತ್ತಾಯ್ತು." ಅವನು ನೀರು ನೋಡುತ್ತ ಹೇಳಿದ. "ನಾ ಚಿಕ್ಕೋನಾಗಿದ್ದಾಗ ನಮ್ಮಪ್ಪನ ಅರಿಗೋಲಲ್ಲಿ ನಿಮ್ಮೋರೊಬ್ರು ಬತ್ತಿದ್ರು. ದಾರ ಕಿತ್ತು ಲಿಂಗ ನೀರ್ಗೆ ಬಿತ್ತು. ನಮ್ಮಪ್ಪ ಮುಳುಗಿ ಮುಳುಗಿ ಎದ್ದ, ಸಿಕ್ನಿಲ್ಲ. ನಮ್ಮವ್ವ ಎಳ್ನೀರು ತಂದ್ಲು, ಬ್ಯಾಡ ಅಂದ್ರು. ಆ ಕಲ್ಲಿನ್ ಮ್ಯಾಲೆ ಕುಂತ್ಕಂಡ್ರು. ಬಿಡುವಲ್ಲಿ ನಿನ್ ಮೊಕನೂ ಅಂಗೇ ಆಗಿತ್ತು ಕಣ್ಲಾ. ಆವತ್ತಿಂದ ಆ ಮೊಕಕ್ಕೆ ನಂಗೆ ಬೋ ಭಯ."

"ಆಮೇಲೆ ಏನಾಯ್ತು ಅವರಿಗೆ?"

"ಓಗು, ನಿನ್ ಮೋಟಾರ್ ಓಯ್ತದೆ" ಅಂದ.

ಮನೆಯಲ್ಲಿ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿ, ಲಿಂಗವನ್ನು ಮತ್ತೆ ನನ್ನ ಅಂಗೈಗೆ ಕೊಡಿಸಿದರು. ಅಪ್ಪ ಬೈಯಲಿಲ್ಲ. "ಇನ್ನು ಆಟ ಸಾಕು" ಅಂದರು, ಅಷ್ಟೇ. ನಾನು ಮತ್ತೆ ಚೆಂಡು ಮುಟ್ಟಲಿಲ್ಲ, ಸಿದ್ದನನ್ನು ಮತ್ತೆ ಕಾಣಲೂ ಇಲ್ಲ.

ಆಮೇಲೆ ನಾನೂ ವ್ಯಾಪಾರಕ್ಕೆ ಕೂತೆ. ಮಂಡಿಯಲ್ಲಿ, ಕೋರ್ಟಿನಲ್ಲಿ, ಪುರಸಭೆಯ ಚುನಾವಣೆಯಲ್ಲಿ ನನಗೆ ಎದುರಾಳಿಗಳು ಬೇಕಾದಷ್ಟು ಜನ ಸಿಕ್ಕರು. ನನ್ನ ಮುಖದಲ್ಲಿ ಹೆದರಿಕೆ ಕಂಡ ಕೂಡಲೆ ಇನ್ನೊಂದು ಹೆಜ್ಜೆ ಮುಂದೆ ಬಂದರೇ ಹೊರತು, ಆಟ ಬಿಟ್ಟು ನಿಂತವರು ಯಾರೂ ಇಲ್ಲ. ಹೊಡೆತ ತಿಂದರೂ ಬಾಯಿ ಬಿಡದ ಆ ಹರಿಗೋಲಿನ ಹುಡುಗನಂಥ ಶತ್ರು ಒಬ್ಬ ಇದ್ದಿದ್ದರೆ ಸಾಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಈಗ ಎದೆ ನಡುಗಿದರೆ ನಾನು ಮೊದಲು ಮಾಡುವ ಕೆಲಸ, ಯಾರಿಗೂ ಕಾಣದ ಹಾಗೆ ಮುಖ ಆಚೆ ತಿರುಗಿಸಿಕೊಳ್ಳುವುದು.