ಚೀಟಿ ಎತ್ತಿದ್ದು ಸಾಲವೇ?

ರಾಜಶ್ರೀ, ಚಿಕ್ಕಬೈರಪ್ಪನವರನ್ನು ಮೊದಲು ಕಂಡದ್ದು ೨೦೦೩ರ ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ. ಜೆ.ಪಿ. ನಗರದಲ್ಲಿ ಸೈನ್ಯದ ರೇಡಿಯೊಗಳಿಗೆ ಬಿಡಿಭಾಗ ಮಾಡುವ ಕಂಪನಿಯ ಭದ್ರತಾ ಅಧಿಕಾರಿ ಅವರು. ತುಂಬುತೋಳಿನ ಬಿಳಿ ಅಂಗಿ, ಮೇಜಿನ ಮೇಲೆ ತಟ್ಟೆ ಮುಚ್ಚಿದ ನೀರಿನ ಲೋಟ. ಹನ್ನೆರಡು ಪುಟದ ಫಾರಂ ಅವಳತ್ತ ತಳ್ಳಿದರು.

"ನಿಧಾನವಾಗಿ ತುಂಬಮ್ಮ. ದೆಹಲಿಯಿಂದ ಒಪ್ಪಿಗೆ ಬಂದ್ರೇನೆ ಲ್ಯಾಬ್ ಒಳಗೆ ಬಿಡೋದು. ಇಲ್ಲಾಂದ್ರೆ ಕೆಲಸಾನೂ ಇಲ್ಲ."

ಬಾಗಲಕೋಟೆ ಕಡೆಯ ಹಳ್ಳಿಯಿಂದ ಬಂದು, ಆ ಕಂಪನಿಗೆ ಆಗಷ್ಟೇ ಸೇರಿದ್ದ ರಾಜಶ್ರೀ ಮನೆತನದಲ್ಲೇ ಮೊದಲ ಪದವೀಧರೆ. ಪರೀಕ್ಷೆ ಬರೆದಷ್ಟು ಶ್ರದ್ಧೆಯಿಂದ ಬರೆದಳು. ಸಾಲ ಅಥವಾ ತೆರಿಗೆ ಬಾಕಿ ಇದೆಯೇ ಎಂಬಲ್ಲಿ 'ಇಲ್ಲ' ಎಂದಳು. ಬ್ಯಾಂಕಿನ ಮೆಟ್ಟಿಲನ್ನೇ ಅವಳು ಹತ್ತಿರಲಿಲ್ಲ.

ತಿಂಗಳ ನಂತರ ಅವಳು ಬಾಡಿಗೆಗಿದ್ದ ಬಿಟಿಎಂ ಲೇಔಟಿನ ಮನೆಗೆ ಪೊಲೀಸ್ ಪೇದೆ ವಿಚಾರಣೆಗೆ ಬಂದ. ಮನೆಯ ಯಜಮಾನಿ ಅಮ್ಮಣ್ಣಿ ಕಾಫಿ ಕೊಟ್ಟು ಹೊಗಳಿದರು. "ಚಿನ್ನದಂಥ ಹುಡ್ಗಿ ಸಾರ್. ತಂಗಿ ಮದುವೆಗೆ ಅಂತ ನನ್ ಹತ್ರ ಐವತ್ತು ಸಾವಿರದ ಚೀಟಿ ಎರಡನೇ ತಿಂಗಳೇ ಎತ್ತಿದ್ಲು. ಒಂದ್ ಕಂತೂ ತಪ್ಪಿಸಿಲ್ಲ!"

ಆ ಮಾತು ವರದಿಯೊಳಗೆ ಹೋಯಿತು. ಚಿಕ್ಕಬೈರಪ್ಪ ಕರೆಸಿದರು.

"ಇದು ಸಾಲ ಅಲ್ವೇನಮ್ಮ?"

"ಚೀಟಿ ರೀ ಸರ. ನನ್ನ ರೊಕ್ಕನ ಅಲ್ಲೇನ್ರಿ ಅದು?"

"ಇನ್ನೂ ಹದಿಮೂರು ಕಂತು ಕಟ್ಬೇಕಲ್ಲ?"

ಮನೆಗೆ ಬಂದು ಕೇಳಿದರೆ ಅಮ್ಮಣ್ಣಿ ರೇಗಿದರು. "ಸಾಲ ಅಂದ್ರೆ ಬಡ್ಡಿ ಬೇಡ್ವಾ? ಆ ಯಪ್ಪ ಜನ್ಮದಲ್ಲಿ ಚೀಟಿ ಹಾಕಿಲ್ಲ, ಬಿಡು!"

ಆದರೆ ಹರಾಜಿನಲ್ಲಿ ಕಡಿಮೆಗೆ ಕೂಗಿ ಎತ್ತಿದ್ದರಿಂದ ಐವತ್ತು ಸಾವಿರದಲ್ಲಿ ಅವಳ ಕೈಗೆ ಬಂದದ್ದು ಮೂವತ್ತೆಂಟು ಸಾವಿರ. ಬಿಟ್ಟುಕೊಟ್ಟ ಹನ್ನೆರಡು ಸಾವಿರ ಬಡ್ಡಿಯಲ್ಲದೆ ಮತ್ತೇನು? ತೀರಿಹೋದ ಅಪ್ಪನ ಹೆಸರಿನಲ್ಲಿರುವ ಊರಿನ ಮನೆಗೆ ಪಂಚಾಯಿತಿ ಕಂದಾಯ ನಾಲ್ಕು ವರ್ಷದಿಂದ ಕಟ್ಟಿಲ್ಲ. ಅದು ಯಾರ ಬಾಕಿ? ಯೋಚಿಸಿದಷ್ಟೂ ಗೋಜಲಾಯಿತು. ಕೊನೆಗೆ ಎಲ್ಲವನ್ನೂ ಹೊಸ ಹಾಳೆಯಲ್ಲಿ ಬರೆದು ಕೊಟ್ಟಳು.

"ಅಂಗಡಿ ಉದ್ರಿ ನಲವತ್ತು ರೂಪಾಯಿನೂ ಬರೆದಿದ್ದೀಯಲ್ಲಮ್ಮ!"

"ಅದು ಸಾಲದಾಗ ಬರತೈತೋ ಇಲ್ಲೋ ತಿಳೀಲಿಲ್ರಿ ಸರ."

ಚಿಕ್ಕಬೈರಪ್ಪ ನಗಲಿಲ್ಲ. "ಸಾಲಗಾರರಿಗೆ ಯಾರಾದ್ರೂ ದುಡ್ಡಿನ ಆಸೆ ತೋರಿಸಿ ಗುಟ್ಟು ಕೇಳ್ಬಹುದು ಅಂತ ಇದನ್ನೆಲ್ಲ ನೋಡ್ತಾರೆ. ನಿನ್ನ ಸಾಲ ದೊಡ್ಡದಲ್ಲ. ಮೊದಲು 'ಇಲ್ಲ' ಅಂದ್ಯಲ್ಲ, ಅದೇ ತೊಂದ್ರೆ. ಬೇಕಂತ ಮುಚ್ಚಿಟ್ಟಿಲ್ಲ ಅಂತ ಬರೆದು ಕಳಿಸ್ತೀನಿ. ತೀರ್ಮಾನ ನಂದಲ್ಲ."

ಸೆಪ್ಟೆಂಬರಿನಲ್ಲಿ ಒಂದೇ ಸಾಲಿನ ಪತ್ರ ಬಂತು: ಒಪ್ಪಿಗೆ ಇಲ್ಲ. ಚೀಟಿಯಿಂದಲೋ, ಕಂದಾಯದಿಂದಲೋ, ಆ 'ಇಲ್ಲ'ದಿಂದಲೋ ಎಂಬುದು ಪತ್ರದಲ್ಲಿರಲಿಲ್ಲ. ಚಿಕ್ಕಬೈರಪ್ಪನವರಿಗೂ ಗೊತ್ತಿರಲಿಲ್ಲ. ಅದೇ ವಾರ ಅವಳ ಕೆಲಸ ಹೋಯಿತು.

ಈಗ ರಾಜಶ್ರೀ ಬನಶಂಕರಿಯ ಒಂದು ಅಂಗಡಿಯಲ್ಲಿ ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರಗಳನ್ನು ರಿಪೇರಿ ಮಾಡುತ್ತಾಳೆ.