ಅತ್ತೆಯ ಹೋರಿ, ನನ್ನ ಭಾನುವಾರ

ರಜೆ ಬಂದರೆ ಜನ ಎಲ್ಲೆಲ್ಲಿಗೋ ಹೋಗುತ್ತಾರೆ. ನಮ್ಮ ಓಣಿಯ ಶೀಲಾ ಮಕ್ಕಳನ್ನು ಕರೆದುಕೊಂಡು ಹೋಗಿ ರಾಣೆಬೆನ್ನೂರಿನ ಕೃಷ್ಣಮೃಗ ನೋಡಿ ಬಂದಳು. ಮರುವಾರ ಗುತ್ತಲದ ಕಡೆ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು ಫೋಟೊ ಹಾಕಿದಳು. ಹಾಗೆ ನೋಡಿದರೆ ನಾವೂ ಹೋಗುತ್ತೇವೆ. ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರವೂ ಮನೆಯಲ್ಲಿ ಕೂತವರಲ್ಲ. ಆದರೆ ನಾವು ಹೋಗುವುದು ನನ್ನ ಅತ್ತೆ ರೇಣುಕವ್ವನ ಹೋರಿಯ ಹಿಂದೆ. ಈ ನಾಲ್ಕು ವರ್ಷದಲ್ಲಿ ಹಾವೇರಿ ಜಿಲ್ಲೆಯಲ್ಲಿ ನಾನು ಕಣ್ತುಂಬ ನೋಡಿದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ, ಗೋವಿನಜೋಳದ ಹೊಲ ಎಂದೇ ಹೇಳಬೇಕು.

ನಮ್ಮ ಕಡೆಯ ಹೋರಿ ಹಬ್ಬ ಗೊತ್ತಿಲ್ಲದವರಿಗೆ ಒಂದು ಮಾತು. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರ, ಕೋಡಿಗೆ ಬಲೂನು ಕಟ್ಟಿ, ಎರಡೂ ಬದಿಗೆ ನಿಂತ ಜನರ ನಡುವೆ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಆ ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ಅಖಾಡ ದಾಟಿದರೆ ಹೋರಿ ಗೆದ್ದ ಹಾಗೆ. ತಾನು ಗೆದ್ದೆ ಎಂದು ಹೋರಿಗೆ ಯಾರೂ ಹೇಳುವುದಿಲ್ಲವಾದ್ದರಿಂದ ಅದು ಓಡುತ್ತಲೇ ಇರುತ್ತದೆ. ಆಮೇಲೆ ಅದನ್ನು ಹುಡುಕುವುದೇ ನಮ್ಮ ಮನೆಯ ಪಿಕ್ನಿಕ್ಕು.

ಅತ್ತೆಗೆ ಅರವತ್ತರ ಹತ್ತಿರ ಹತ್ತಿರ. ವಾರವಿಡೀ ಬ್ಯಾಡಗಿ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಬೆಳಿಗ್ಗೆ ತಲೆಗೆ ಒಂದು ಪಂಜೆ, ಅಂದರೆ ಟವೆಲು, ಬಿಗಿದುಕೊಂಡು ಹೋದರೆ ಸಂಜೆ ಬರುವಾಗ ಜೊತೆಗೆ ಘಾಟೂ ಮನೆಯೊಳಗೆ ಬರುತ್ತದೆ. ನಮಗೆ ಕೆಮ್ಮು, ಆಕೆಗೆ ಒಂದು ಸೀನೂ ಇಲ್ಲ. ಇಂಥವಳು ನಾಲ್ಕು ವರ್ಷದ ಹಿಂದೆ ಕರ್ಜಗಿಯಿಂದ ಒಂದು ಎಳೆಯ ಹೋರಿ ಹೊಡೆದುಕೊಂಡು ಬಂದು, ಇದು ನನ್ನದು, ಇದಕ್ಕೆ ಯಾರೂ ಕೈ ಹಚ್ಚಬಾರದು ಎಂದು ಹೇಳಿಬಿಟ್ಟಳು. ಮಾವ ಅಂಜಿನಪ್ಪನವರು ಅವತ್ತಿನಿಂದ ಇವತ್ತಿನವರೆಗೆ ಹೋರಿ ಅಂಗಳದಲ್ಲಿದ್ದರೆ ಕಟ್ಟೆಯಿಂದ ಇಳಿದಿಲ್ಲ. ಹೋರಿಯ ಹೆಸರು ‘ಬ್ಯಾಡಗಿ ಘಾಟು’. ಅದಕ್ಕೆ ಹಾಕುವ ಹುರುಳಿ ಒಡೆದದ್ದು ನನ್ನ ತವರಿನವರು ಕೊಟ್ಟ ಮಿಕ್ಸರಿನಲ್ಲಿ. ಆ ಮಿಕ್ಸರು ಈಗ ಇಲ್ಲ.

ಮೊದಲ ವರ್ಷ ಒಂದು ಊರಿನ ಕಮಿಟಿಯವರು ಹೆಣ್ಣುಮಕ್ಕಳು ಅಖಾಡದ ಹತ್ತಿರ ಬರುವ ಪದ್ಧತಿ ಇಲ್ಲ ಎಂದು ತಕರಾರು ತೆಗೆದಿದ್ದರು. ಅತ್ತೆ ಹಗ್ಗ ಹಿಡಿದು ನಿಂತಲ್ಲೇ ನಿಂತಳು.

“ಓಡೋದು ಹೋರಿರಿ, ನಾ ಅಲ್ಲ. ನಾ ಎಲ್ಲಿ ನಿಂತರ ನಿಮಗೇನಾಗೋದೈತಿ?” ಎಂದು ಕೇಳಿದಳು. ಕಮಿಟಿಯವರು ಹೆಸರು ಬರೆದುಕೊಂಡರು.

ಅಖಾಡ ದಾಟಿದ ಹೋರಿಯನ್ನು ನಿಲ್ಲಿಸುವ ಉಪಾಯವನ್ನೂ ಆಕೆಯೇ ಕಂಡುಹಿಡಿದಳು. ಓಟದ ಕೊನೆಗೆ ಹೋಗಿ ನಿಂತು, ತಲೆಯ ಪಂಜೆ ಬಿಚ್ಚಿ ಗಾಳಿಗೆ ಬೀಸುತ್ತಾಳೆ. ಎಂಥ ಗದ್ದಲವಿದ್ದರೂ ಹೋರಿ ಗಕ್ಕನೆ ನಿಂತು, ಅವಳ ಹೊಟ್ಟೆಗೆ ಮೂಗು ಒತ್ತುತ್ತದೆ. ಹೋದ ವರ್ಷದಿಂದ ಹುಡುಕಾಟದ ಪಿಕ್ನಿಕ್ಕು ತಪ್ಪಿತ್ತು. ಅಷ್ಟರ ಮಟ್ಟಿಗೆ ನಾನು ಆಕೆಯನ್ನು ಮೆಚ್ಚುತ್ತೇನೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಕಾಲೇಜಿನಲ್ಲಿ ಖೋ-ಖೋ ಆಡುತ್ತಿದ್ದೆ. ಮದುವೆಯಾದ ಮೇಲೆ ಒಂಬತ್ತು ವರ್ಷ ಓಡಿದ್ದು ಬಸ್ಸಿನ ಹಿಂದೆ, ಹೋರಿಯ ಹಿಂದೆ ಮಾತ್ರ. ಈ ವರ್ಷ ನನ್ನ ಗೆಳತಿ ದ್ರಾಕ್ಷಾಯಿಣಿ ಹಳೆಯ ಹುಡುಗಿಯರನ್ನೆಲ್ಲ ಒಟ್ಟು ಮಾಡಿ ಒಂದು ತಂಡ ಕಟ್ಟಿದಳು. ಎರಡು ತಿಂಗಳು ನಸುಕಿನಲ್ಲಿ ಎದ್ದು, ಅಡುಗೆ ಮುಗಿಸಿ, ಅತ್ತೆ ಮಾರುಕಟ್ಟೆಗೆ ಹೊರಟ ಮೇಲೆ ಹೈಸ್ಕೂಲಿನ ಬಯಲಿಗೆ ಹೋಗಿ ಅಭ್ಯಾಸ ಮಾಡಿದೆ. ಕಾರ್ತಿಕ ಮುಗಿದ ವಾರ, ಭಾನುವಾರ ಸಂಜೆ ನಾಲ್ಕಕ್ಕೆ ರಾಣೆಬೆನ್ನೂರಿನಲ್ಲಿ ನಮ್ಮ ಮೊದಲ ಆಟ. ನಾವಿದ್ದದ್ದು ಸರಿಯಾಗಿ ಒಂಬತ್ತು ಜನ. ಒಬ್ಬಳು ಬರದಿದ್ದರೆ ಆಟವೇ ಇಲ್ಲ.

ಅದೇ ಭಾನುವಾರ ಹಲಗೇರಿಯಲ್ಲಿ ಹೋರಿ ಹಬ್ಬ. ನನ್ನ ಗಂಡ ಪ್ರವೀಣಕುಮಾರ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಚೀಲ ಅಲ್ಲಿಂದ ಇಲ್ಲಿಗೆ ಸರಿಸಿ ಜಾಗ ಮಾಡುವುದೇ ಅವರ ಕೆಲಸವಾದ್ದರಿಂದ ಬದುಕನ್ನೂ ಹಾಗೆಯೇ ಸರಿಸಬಹುದು ಎಂದುಕೊಂಡಿದ್ದಾರೆ.

“ಹನ್ನೊಂದಕ್ಕ ಹೋರಿ ಬಿಡ್ತೇವಿ. ಒಂದಕ್ಕ ಬುತ್ತಿ ಉಣ್ತೇವಿ. ಮೂರಕ್ಕ ನೀ ಗ್ರೌಂಡಿನಾಗ ಇರ್ತಿ. ಹಲಗೇರಿ ಏನು ದೂರ ಐತೇನು?” ಎಂದರು.

“ಅತ್ತಿಯವರಿಗೆ ಹೇಳೀರೇನ್ರಿ?”

“ಹೇಳೇನಿ ಬಿಡು. ಎಲ್ಲಾ ಬರೋಬ್ಬರಿ ಆಗತದ.”

ಶನಿವಾರ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿ ಕಟ್ಟಿದೆ. ಎಂಟು ವರ್ಷದ ಮಗಳು ಶ್ವೇತಾ ಬಾಯಿ ನೋಯುವವರೆಗೆ ಬಲೂನು ಊದಿದಳು. ನಾಳೆ ಎಲ್ಲರೂ ಸ್ವಲ್ಪ ಚೆಂದ ಕಾಣಲಿ ಎಂದು ಮನೆಯವರ ಬಟ್ಟೆಯನ್ನೆಲ್ಲ ಸಾಬೂನು ಹಚ್ಚಿ ಒಗೆದು, ಇಸ್ತ್ರಿ ಮಾಡಿ ಇಟ್ಟೆ. ಇಷ್ಟು ಮಾಡಿ ಮಲಗುವಾಗ ನನ್ನಂಥ ಸೊಸೆ ಯಾರಿಗೂ ಸಿಗಲಿಕ್ಕಿಲ್ಲ ಅನ್ನಿಸಿತ್ತು.

ಮರುದಿನ ನೆರೆಮನೆಯ ದಾದಾಸಾಬರ ಗೂಡ್ಸ್ ಗಾಡಿಯಲ್ಲಿ ಹಿಂದೆ ಹೋರಿ, ಮುಂದೆ ನಾವು ಇಕ್ಕಟ್ಟಾಗಿ ಕೂತು ಹತ್ತಕ್ಕೆ ಹಲಗೇರಿ ಮುಟ್ಟಿದೆವು. ಹನ್ನೊಂದಕ್ಕೆ ಹೋರಿ ಬಿಡಲಿಲ್ಲ. ಅತಿಥಿಗಳು ಬರಬೇಕಿತ್ತು. ಬಂದರು, ಮಾತನಾಡಿದರು, ಶಾಲು ಹೊದ್ದರು. ಒಬ್ಬರ ಮಾತು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಬ್ಬರು ಎರಡೇ ಮಾತು ಎಂದು ಎದ್ದು ನಿಂತರು. ನಾನು ಸೀರೆಯ ಒಳಗೆ ಆಟದ ಪ್ಯಾಂಟು ಹಾಕಿಕೊಂಡು ಬಿಸಿಲಿನಲ್ಲಿ ಬೇಯುತ್ತ ಗಡಿಯಾರ ನೋಡುತ್ತಿದ್ದೆ. ನಮ್ಮ ಸರದಿ ಬಂದಾಗ ಒಂದೂವರೆ.

ಘಾಟು ಓಡಿದ ಚೆಂದದ ಬಗ್ಗೆ ನಾನು ಸುಳ್ಳು ಹೇಳಲಾರೆ. ಎಡಕ್ಕೆ ಹೊರಳಿ, ಬಲಕ್ಕೆ ಜಿಗಿದು, ಹತ್ತಿಪ್ಪತ್ತು ಹುಡುಗರನ್ನು ಮಣ್ಣಿಗೆ ಕೆಡವಿ, ಕೊಬ್ಬರಿ ಹಾರದ ಒಂದು ಎಳೆಯೂ ಹರಿಯದಂತೆ ಅಖಾಡ ದಾಟಿತು. ಕೊನೆಯಲ್ಲಿ ಅತ್ತೆ ಪಂಜೆ ಬಿಚ್ಚಿ ಬೀಸಿದಳು. ಹೋರಿ ಒಂದು ಕ್ಷಣ ಮೂಗು ಎತ್ತಿತು. ಆಮೇಲೆ ಆಕೆ ಯಾರೋ ಏನೋ ಎನ್ನುವಂತೆ ಪಕ್ಕದಲ್ಲೇ ಹಾದು, ರಸ್ತೆ ದಾಟಿ, ಹೊಲಕ್ಕೆ ಬಿದ್ದು ಮಾಯವಾಯಿತು.

ಅತ್ತೆ ಪಂಜೆಯನ್ನು ಮೂಗಿಗೆ ಹಿಡಿದಳು.

“ಭುವನಾ, ಇದು ಸಬಕಾರದ ವಾಸನಿ ಬಡಿಯಾಕತ್ತೇತಿ.”

“ನಾನ ಒಗದೇನ್ರಿ ಅತ್ತಿ. ನಿನ್ನೆ.”

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೂ ಎರಡು ಮಾತು ಆಡಲು ದಾರಿ ಸಿಗುತ್ತಿತ್ತು. ಹೋರಿ ಇಷ್ಟು ದಿನ ಮೆಣಸಿನಕಾಯಿಯ ಘಾಟಿನಿಂದ ಆಕೆಯ ಗುರುತು ಹಿಡಿಯುತ್ತಿತ್ತು ಎಂದು ನನಗೆ ಯಾರು ಹೇಳಿದ್ದರು? ಒಗೆಯದಿದ್ದರೆ ಹೊಲಸು ಹೆಂಗಸು, ಒಗೆದರೆ ಹೀಗೆ. ಈ ಮನೆಯಲ್ಲಿ ಸಾಬೂನು ಮುಟ್ಟುವುದೂ ತಪ್ಪಾಯಿತಲ್ಲ ಎಂದು ಮೈ ಉರಿಯಿತು.

ಮೂರೂಕಾಲಿನವರೆಗೆ ಹುಡುಕಿದೆವು. ಗೋವಿನಜೋಳದ ಗರಿ ಮುಖಕ್ಕೆ ತರಚುತ್ತಿತ್ತು. ಪ್ರವೀಣಕುಮಾರ ಒಂದು ಬದುವಿನ ಮೇಲೆ ನಿಂತು, “ಇಲ್ಲೇ ಎಲ್ಲೋ ಇರ್ತದ” ಎಂದರು. ಅದನ್ನು ಅವರು ಮೂರನೆಯ ಸಲ ಹೇಳುತ್ತಿದ್ದರು. ದ್ರಾಕ್ಷಾಯಿಣಿಯ ಫೋನು ಎರಡು ಸಲ ಬಂದು ನಿಂತಿತು. ಅತ್ತೆ ಹಣೆಯ ಬೆವರು ಒರೆಸಿಕೊಂಡು ಹೇಳಿದಳು.

“ನಿನ್ನ ಗೆಳತ್ಯಾರ ಊಟ ಇನ್ನೊಂದು ದಿನ ಇಟ್ಕೋಬಾರದೇನವಾ? ಊಟ ಎಲ್ಲಿ ಓಡಿ ಹೋಗತದ.”

ನಾನು ಗಂಡನ ಕಡೆ ನೋಡಿದೆ. ಅವರು ಜೋಳದ ತೆನೆ ನೋಡುತ್ತಿದ್ದರು. ಊಟವಂತೆ. ತಾಯಿಗೆ ಸಿಟ್ಟು ಬರಬಾರದು, ಹೆಂಡತಿಗೂ ಬರಬಾರದು ಎಂದು ಈ ಮನುಷ್ಯ ನನ್ನ ಎರಡು ತಿಂಗಳ ಬೆವರನ್ನು ಊಟ ಮಾಡಿಬಿಟ್ಟಿದ್ದರು.

“ಅಲ್ಲಿ ಊಟ ಇಲ್ಲರಿ ಅತ್ತಿ. ಆಟ ಐತಿ. ಖೋ-ಖೋ. ನಾ ಆಡಾಕಿ. ನಾಲ್ಕು ವರ್ಷ ನಿಮ್ಮ ಹೋರಿ ಹಿಂದ ಓಡೇನಿ, ಒಂದು ದಿನಾನೂ ಒಲ್ಲೆ ಅಂದಿಲ್ಲ. ಇವತ್ತೊಂದಿನ ನಾ ನನ್ನ ಸಲುವಾಗಿ ಓಡಬೇಕಿತ್ತು.” ಹೊಲದ ನಡುವೆ ನಿಂತು ಅತ್ತೆಯ ಎದುರು ಅತ್ತುಬಿಟ್ಟೆ, ನಾಚಿಕೆಯೂ ಆಗಲಿಲ್ಲ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀ ಓಡ್ತಿ?”

“ಹೂಂನ್ರಿ.”

“ಹಿಡ್ಯಾಕ ಬರ್ತಾರೇನು?”

“ಬರ್ತಾರ. ಕೈಗೆ ಸಿಗದಂಗ ಓಡಬೇಕು.”

ಆಕೆ ಮಗನ ಕಡೆ ತಿರುಗಿ, “ಊಟ ಅಂದ್ಯಲ್ಲೋ” ಎಂದಳು, ಅಷ್ಟೇ. ಆಮೇಲೆ ದಾದಾಸಾಬರನ್ನು ಕೂಗಿದಳು. “ದಾದಾಸಾಬಣ್ಣ, ಈಕೀನ್ನ ರಾಣೆಬೆನ್ನೂರಿಗೆ ಬಿಡು. ಲಗೂ ಹೋಗು.”

“ಹೋರಿ ಸಿಕ್ಕರ ಗಾಡಿ ಬೇಕಲ್ಲವಾ?” ಎಂದರು ದಾದಾಸಾಬರು.

“ಅದಕ್ಕ ನಾಲ್ಕು ಕಾಲು ಅದಾವ. ನೀ ನಡಿ.”

ಶ್ವೇತಾಳನ್ನು ಎಳೆದುಕೊಂಡು ಗಾಡಿ ಹತ್ತಿದೆ. ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಮೈದಾನ ಮುಟ್ಟಿದೆ. ತಲೆಯಲ್ಲಿ ಜೋಳದ ಗರಿ, ಕಾಲಲ್ಲಿ ಮುಳ್ಳು. ನಾನು ಸೀರೆ ಬಿಚ್ಚುವಷ್ಟರಲ್ಲಿ ದ್ರಾಕ್ಷಾಯಿಣಿ ಶೂ ತಂದು ಕಟ್ಟಿಕೊಟ್ಟಳು. ಮೊದಲ ಮೂವರು ಓಟಗಾರ್ತಿಯರಲ್ಲಿ ನಾನೂ ಒಬ್ಬಳು. ಸೀಟಿ ಊದಿದರು. ಓಡಿದೆ. ನಲವತ್ತನೆಯ ಸೆಕೆಂಡಿಗೆ ಹಿಂದಿನಿಂದ ಬೆನ್ನಿಗೆ ಕೈ ಬಿತ್ತು.

ಒಂಬತ್ತು ವರ್ಷ, ಎರಡು ತಿಂಗಳು, ಒಂದು ಹೋರಿ, ಇಷ್ಟೆಲ್ಲ ಆಗಿ ಕೊನೆಗೆ ನಲವತ್ತು ಸೆಕೆಂಡು. ನಾವು ಬೆನ್ನಟ್ಟುವ ಸರದಿಯಲ್ಲೂ ನನ್ನ ಕೈಗೆ ಒಬ್ಬಳೂ ಸಿಗಲಿಲ್ಲ. ವಿರಾಮದಲ್ಲಿ ಗೆರೆಯ ಆಚೆ ಕೂತು ಹುಲ್ಲು ಕೀಳತೊಡಗಿದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ತಿಳಿಯಲಿಲ್ಲ.

“ಅಜ್ಜಿ ಬಂದಾಳ” ಎಂದಳು ಶ್ವೇತಾ.

ಯಾರದೋ ಬೈಕಿನಿಂದ ಇಳಿದು ಅದಾಗಲೇ ಎಷ್ಟೋ ಹೊತ್ತಾಗಿತ್ತಂತೆ, ಗೇಟಿನ ಹತ್ತಿರ ನಿಂತು ಎಲ್ಲ ನೋಡಿದ್ದಳು. ಬಂದವಳೇ ನನ್ನ ಪಕ್ಕ ಮಣ್ಣಿನಲ್ಲಿ ಕೂತಳು.

“ಹೋರಿ ಸಿಕ್ತೇನ್ರಿ?”

“ಇನ್ನೂ ಇಲ್ಲ. ಅವಾ ಹುಡುಕಾಕತ್ಯಾನ.”

ಆ ಹೋರಿಗೆ ನೆಗಡಿಯಾದರೆ ಕೆಲಸಕ್ಕೆ ರಜೆ ಹಾಕುವ ಹೆಂಗಸು ಅದನ್ನು ಹೊಲದಲ್ಲಿ ಬಿಟ್ಟು ಬಂದಿದ್ದಳು.

“ನಾ ಸೋತೇನ್ರಿ ಅತ್ತಿ. ನಲವತ್ತೇ ಸೆಕೆಂಡು.”

“ನೋಡೇನಿ. ನೀ ನೆಟ್ಟಗ ಓಡ್ತಿ, ಅದಕ್ಕ ಸಿಕ್ಕಿ. ನಮ್ಮ ಘಾಟೂ ಮೊದಲನೇ ಸಲ ಅಖಾಡಕ್ಕಿಳಿದಾಗ ನೆಟ್ಟಗ ಓಡಿ ಹತ್ತು ಹೆಜ್ಜಿಗೆ ಸಿಕ್ಕಿತ್ತು. ಬೆನ್ನ ಹಿಂದ ಬಂದಾಕಿ ಪೂರಾ ಹತ್ರ ಬರಾತನ ತಡಕೋ. ಕೈ ಚಾಚಿದಳಂದ್ರ ಆಕಿ ಕಾಲು ನಿಂತಿರತಾವ. ಆವಾಗ ಹೊಳ್ಳು.”

ನಮ್ಮ ಕೋಚು ಎರಡು ತಿಂಗಳಲ್ಲಿ ಇದನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ. ಅಷ್ಟರಲ್ಲಿ ಆಕೆಯ ಸೆರಗಿನ ಗಂಟಿನಲ್ಲಿದ್ದ ಫೋನು ಬಡಿದುಕೊಂಡಿತು. ಗಂಡನ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು. ಹೋರಿ ಸಿಕ್ಕಿದೆ, ಯಾರದೋ ಹೊಲದಲ್ಲಿ ಮೇಯುತ್ತಿದೆ, ಹತ್ತಿರ ಹೋದರೆ ತಲೆ ಬೀಸುತ್ತಿದೆ, ಬೇಗ ಬಾ ಎಂದರು.

ಮೈದಾನದಲ್ಲಿ ಎರಡನೆಯ ಇನಿಂಗ್ಸಿನ ಸೀಟಿ ಊದಿದರು. ಅತ್ತೆ ಒಂದು ಕೈಯಿಂದ ನನ್ನನ್ನು ಎಬ್ಬಿಸಿ ಮುಂದಕ್ಕೆ ನೂಕಿದಳು.

“ಅಲ್ಲೇ ಕಾಯ್ಕೊಂಡು ನಿಂದ್ರೋ” ಎಂದಳು ಫೋನಿನಲ್ಲಿ. “ಈಕಿ ಇನ್ನೊಮ್ಮೆ ಓಡೋದೈತಿ. ನೋಡಿ ಬರ್ತೇನಿ.”